503ರಲ್ಲಿ 267 ಹೋದರೆ: ಮೊದಲು ಚಿಲ್ಲರೆ ಮಾಡಿಸಿ

ಅಕ್ಕಾ, ಮೂರನೇ ಕ್ಲಾಸಿನ ನಿಮ್ಮ ಮಗಳು 503ರಲ್ಲಿ 267 ಕಳೆದು 364 ಬರೆದಳು, ಎಷ್ಟು ಸಲ ಹೇಳಿದರೂ ಅದೇ ತಪ್ಪು ಎಂದಿದ್ದೀರಿ. ಅವಳು ಸುಮ್ನೆ ಏನೋ ಬರೆದಿಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾಳೆ. 3ರಲ್ಲಿ 7 ಹೋಗುವುದಿಲ್ಲ, ಅದಕ್ಕೆ 7ರಲ್ಲಿ 3 ತೆಗೆದಳು. ಆಳಂದದಲ್ಲಿ ನನ್ನ ಹತ್ತಿರ ಸಂಜೆ ಲೆಕ್ಕ ಕಲಿಯಲು ಬರುವ ಮಕ್ಕಳಲ್ಲೂ ಇದೇ ತಪ್ಪು ಜಾಸ್ತಿ.

ಸ್ವಲ್ಪ ದಿನ ಪಾಟಿ ಬದಿಗಿಡಿ. ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಕೊಡಿ. ಕಾಗದ ಕತ್ತರಿಸಿ ಮಾಡಿದ ಆಟದ ನೋಟಾದರೂ ಸಾಕು. ನೀವೇ ಕಿರಾಣಿ ಅಂಗಡಿಯವರಾಗಿ, 267 ರೂಪಾಯಿ ಸರಿಯಾಗಿ ಕೇಳಿ. ಅವಳ ಹತ್ತಿರ ಇರುವುದು ಮೂರೇ ನಾಣ್ಯ, ಹತ್ತರ ನೋಟು ಒಂದೂ ಇಲ್ಲ. ಆಗ ಒಂದು ನೂರನ್ನು ಹತ್ತು ಹತ್ತರ ನೋಟಾಗಿ ಒಡೆಸಲಿ. ಅದರಲ್ಲಿ ಒಂದು ಹತ್ತನ್ನು ಹತ್ತು ನಾಣ್ಯ ಮಾಡಿಸಲಿ. ಈಗ ಕೈಯಲ್ಲಿ 4 ನೂರು, 9 ಹತ್ತು, 13 ಬಿಡಿ. ಇಲ್ಲೇ ನಿಲ್ಲಿಸಿ, "ದುಡ್ಡು ಕಮ್ಮಿ ಆಯ್ತಾ?" ಅಂತ ಕೇಳಿ, ಅವಳೇ ಎಣಿಸಲಿ. ಅದೇ 503 ಅಂತ ಅವಳ ಬಾಯಿಂದಲೇ ಬರಬೇಕು. ಆಮೇಲೆ 7, 60, 200 ಕೊಟ್ಟರೆ 236 ಉಳಿಯುತ್ತದೆ.

"ಪಕ್ಕದಿಂದ ಸಾಲ ತಗೋ" ಅನ್ನಬೇಡಿ. ಸಾಲ ಅಂದರೆ ವಾಪಸ್ ಕೊಡಬೇಕು ಅಲ್ವಾ? ಇಲ್ಲಿ ಯಾರೂ ಕೊಡುವುದಿಲ್ಲ, ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ನಾನು "ಒಡೆಸು" ಅಂತಲೇ ಹೇಳುತ್ತೇನೆ.

ಒಂದು ಮಾತು: ಸೊನ್ನೆ ಇರುವ ಲೆಕ್ಕ ಎಲ್ಲಕ್ಕಿಂತ ಕಷ್ಟ. ಮೊದಲು 52ರಲ್ಲಿ 27, ಆಮೇಲೆ 543ರಲ್ಲಿ 267 ಮಾಡಿಸಿ. ಅವು ಕೈಗೆ ಬಂದ ಮೇಲೆ 503ಕ್ಕೆ ಬನ್ನಿ.