ಪ್ರತಿ: ಹಳೆ ಟಿವಿಯ ಮೂಲೆಯಲ್ಲಿ ನೇರಳೆ ಕಲೆ

ಪಿಕ್ಚರ್ ಟ್ಯೂಬ್ ಹೋಗಿರಲಿಕ್ಕಿಲ್ಲ. ದೊಡ್ಡ ಸ್ಪೀಕರನ್ನು ಟಿವಿಗೆ ತಾಗಿಸಿಟ್ಟ ಮೇಲೆ ಮೂಲೆ ನೇರಳೆಯಾಯಿತು ಅಂದಿರಲ್ಲ, ಒಳಗಿನ ಶ್ಯಾಡೋ ಮಾಸ್ಕಿಗೆ (ಪರದೆಯ ಹಿಂದಿರುವ ಸಣ್ಣ ತೂತುಗಳ ಲೋಹದ ತಗಡು) ಸ್ಪೀಕರಿನ ಅಯಸ್ಕಾಂತದ ಗುಣ ಹಿಡಿದಿದೆ. ಮೊದಲು ಸ್ಪೀಕರ್ ಒಂದು ಮೀಟರಾದರೂ ದೂರ ಸರಿಸಿ. ಆಮೇಲೆ ಟಿವಿಯನ್ನು ರಿಮೋಟಿನಲ್ಲಲ್ಲ, ಮೇನ್ ಸ್ವಿಚ್ಚಿನಲ್ಲೇ ಆಫ್ ಮಾಡಿ ಅರ್ಧ ಗಂಟೆ ಬಿಡಿ. ಆನ್ ಮಾಡಿದಾಗ ಆ ಅಯಸ್ಕಾಂತ ಗುಣ ತೆಗೆಯೋದು ಟಿವಿಯೊಳಗಿನ ಡಿಗಾಸ್ ಕಾಯಿಲ್; ಅದಕ್ಕೆ ಕರೆಂಟ್ ಬಿಡುವ ಪಿಟಿಸಿ (ಬಿಸಿಯಾದರೆ ಕರೆಂಟ್ ತಡೆಯುವ ಪಾರ್ಟು) ತಣ್ಣಗಾಗದೆ ಕಾಯಿಲ್ ಸರಿಯಾಗಿ ಕೆಲಸ ಮಾಡಲ್ಲ. ಪಟಪಟ ಆನ್-ಆಫ್ ಮಾಡ್ತಾ ಕೂತರೆ ದಂಡ. ಆನ್ ಮಾಡಿದ ತಕ್ಷಣ 'ಡುಂಯ್' ಅಂತ ಸದ್ದು ಬಂದರೆ ಕಾಯಿಲ್ ಸರಿಯಿದೆ, ಪ್ರತಿ ಸಲ ಅರ್ಧ ಗಂಟೆ ಬಿಟ್ಟು ಇದನ್ನೇ ನಾಲ್ಕೈದು ಸಲ ಮಾಡಿ, ಕಲೆ ತಿಳಿಯಾಗುತ್ತಾ ಹೋಗಬೇಕು. ಸದ್ದೇ ಇಲ್ಲವೇ? ಬಹುಶಃ ಪಿಟಿಸಿ ಹೋಗಿದೆ. ಅಗ್ಗದ ಪಾರ್ಟು, ಹಳೆ ಟಿವಿ ಮೆಕ್ಯಾನಿಕ್ ಹತ್ತಿರ ಹಾಕಿಸಿ. ನೀವೇ ಹಿಂಬದಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.