ಅಡುಗೆಮನೆ ಪ್ಲಂಬಿಂಗ್‌ಗೆ ಎಷ್ಟು ದುಡ್ಡು ಎತ್ತಿಡಬೇಕು? ಪ್ಲಂಬರ್ ಹೇಳಿದ ಮೊತ್ತ ನಂಬಬಹುದಾ?

ನೀವು ಬರೆದಿರೋದು ಇಷ್ಟು: ಅಡುಗೆಮನೆ ಹೊಸದಾಗಿ ಮಾಡಿಸುತ್ತಿದ್ದೀರಿ, ಸಿಂಕನ್ನು ಎದುರು ಗೋಡೆಗೆ ಸರಿಸಬೇಕು, ಡಿಶ್‌ವಾಶರ್‌ಗೂ ಜಾಗ ಬೇಕು. ಪ್ಲಂಬರ್ ಬಂದು ನೋಡಿ ಒಂದು ಮೊತ್ತ ಬಾಯಲ್ಲಿ ಹೇಳಿ ಹೋಗಿದ್ದಾರೆ, ಅದು ಸರಿಯಾ ಜಾಸ್ತಿಯಾ ಅಂತ ಗೊತ್ತಾಗುತ್ತಿಲ್ಲ.

ನೇರವಾಗಿ ಹೇಳ್ತೀನಿ, ಬಾಯಲ್ಲಿ ಹೇಳಿದ ಒಂದು ಮೊತ್ತವನ್ನು ಸರಿ ಅಥವಾ ತಪ್ಪು ಅನ್ನೋಕೆ ಯಾರಿಂದಲೂ ಆಗಲ್ಲ. ಅದರೊಳಗೆ ಏನೇನು ಸೇರಿದೆ ಅಂತ ಗೊತ್ತಾದರೆ ಮಾತ್ರ ಲೆಕ್ಕ. ನಮ್ಮ ಮನೆಯ ಕೆಲಸ ಮಾಡಿಸುವಾಗ ನಾನು ಹಣದ ಮಾತಿಗೆ ಮುಂಚೆ ಒಂದು ಹಾಳೆ ತೆಗೆದುಕೊಂಡು ಅಡುಗೆಮನೆಯ ನಕ್ಷೆ ಬರೆದೆ. ನೀರು ಎಲ್ಲೆಲ್ಲಿ ಬರಬೇಕು, ಎಲ್ಲೆಲ್ಲಿಂದ ಹೊರಗೆ ಹೋಗಬೇಕು, ಅಷ್ಟೇ. ಸಿಂಕ್‌ಗೆ ತಣ್ಣೀರು, ಬಿಸಿನೀರು. ನೀರು ಶುದ್ಧ ಮಾಡೋ ಮೆಷಿನ್ ಇದ್ದರೆ ಅದಕ್ಕೊಂದು ನೀರು, ಅದು ಬಿಡೋ ವೇಸ್ಟ್ ನೀರಿಗೊಂದು ದಾರಿ. ಡಿಶ್‌ವಾಶರ್‌ಗೆ ಒಂದು ನಲ್ಲಿ, ಒಂದು ಡ್ರೈನ್, ಪಕ್ಕದಲ್ಲೇ ಕರೆಂಟ್ ಪಾಯಿಂಟ್. ಕೂಲಿಯನ್ನು ಪಾಯಿಂಟ್ ಲೆಕ್ಕದಲ್ಲಿ, ಅಂದರೆ ನೀರು ಬರೋ ಅಥವಾ ಹೋಗೋ ಒಂದೊಂದು ಜಾಗಕ್ಕೆ ಇಷ್ಟು ಅಂತ, ಹೇಳೋರ ಹತ್ತಿರ ಒಂದು ಪ್ರಶ್ನೆ ಕೇಳಲೇಬೇಕು: ಬಿಸಿನೀರು ತಣ್ಣೀರು ಎರಡೂ ಬರೋ ನಲ್ಲಿ ಒಂದು ಪಾಯಿಂಟಾ, ಎರಡಾ? ವೇಸ್ಟ್ ಲೈನ್ ಬೇರೆ ಪಾಯಿಂಟಾ? ಇಬ್ಬರು ಪ್ಲಂಬರ್‌ಗಳ ರೇಟ್ ಪಕ್ಕಪಕ್ಕ ಇಟ್ಟಾಗ ಕಾಣೋ ದೊಡ್ಡ ವ್ಯತ್ಯಾಸ ಎಷ್ಟೋ ಸಲ ಈ ಎಣಿಕೆಯಲ್ಲೇ ಇರುತ್ತದೆ.

ಈಗ ಸಿಂಕ್ ಸರಿಸೋ ವಿಷಯ. ನಿಮ್ಮ ಬಜೆಟ್ ಹಿಗ್ಗೋದು ಕುಗ್ಗೋದು ಇದರ ಮೇಲೆ ನಿಂತಿದೆ. ಬರೋ ನೀರಿಗೆ ಒತ್ತಡ ಇರುತ್ತದೆ, ಪೈಪ್ ಎಲ್ಲಿ ಬೇಕಾದರೂ ತಿರುಗಿಸಬಹುದು. ಹೋಗೋ ನೀರಿಗೆ ವಾಟ ಮಾತ್ರ ಗತಿ. ಒಂದು ಮೀಟರ್ ಉದ್ದಕ್ಕೆ ಸುಮಾರು 2 ಸೆಂಟಿಮೀಟರ್ ಇಳಿಬೇಕು. ಸಿಂಕನ್ನು 3 ಮೀಟರ್ ಆಚೆ ಸರಿಸಿದರೆ ಪೈಪ್ ಹಳೇ ಡ್ರೈನ್ ತಲುಪೋ ಹೊತ್ತಿಗೆ 6 ಸೆಂಟಿಮೀಟರ್ ಕೆಳಗೆ ಬಂದಿರಬೇಕು. ಈಗ ಸಿಂಕ್ ಕೆಳಗೆ ಟೇಪ್ ಹಿಡಿದು ಅಳೀರಿ. ಕೌಂಟರ್ ನೆಲದಿಂದ 85 ಸೆಂಟಿಮೀಟರ್ ಎತ್ತರ ಇದೆ ಅಂತಿಟ್ಟುಕೊಳ್ಳಿ, ಸಿಂಕ್ 20 ಆಳ, ಅದರ ಕೆಳಗೆ ಟ್ರ್ಯಾಪ್ (ವಾಸನೆ ಮೇಲೆ ಬಾರದ ಹಾಗೆ ಸ್ವಲ್ಪ ನೀರು ನಿಲ್ಲಿಸಿಕೊಳ್ಳೋ ಬಾಗಿದ ಪೈಪ್) ಇನ್ನೊಂದು 15-20 ತಿನ್ನುತ್ತದೆ, ಅಲ್ಲಿಗೆ ಪೈಪ್ ಹೊರಡೋದೇ ನೆಲದಿಂದ 45-50ರ ಎತ್ತರದಲ್ಲಿ, ಅಲ್ಲಿಂದ ಇಳೀತಾ ಹೋಗಬೇಕು. ಗೋಡೆಯಲ್ಲಿರೋ ಹಳೇ ಡ್ರೈನ್ ಬಾಯಿ, ಪೈಪ್ ಹಾಗೆ ಇಳಿದು ಬಂದು ತಲುಪೋ ಎತ್ತರಕ್ಕಿಂತ ಮೇಲಿದ್ದರೆ ಅದನ್ನು ಕೆಳಗಿಳಿಸಬೇಕು, ಅಂದರೆ ಗೋಡೆ ಒಡೆಯಬೇಕು. ನಡುವೆ ಬಾಗಿಲು ಬಂದರೆ ನೆಲ ಅಗೆಯದೆ ಬೇರೆ ದಾರಿ ಸಿಗೋದು ಕಷ್ಟ. ಡ್ರಾಯರ್‌ಗಳ ಹಿಂದೆ ಪೈಪ್ ಎಳೆದರೆ ಡ್ರಾಯರ್ ಆಳ ಕಡಿಮೆಯಾಗುತ್ತದೆ, ಇದನ್ನು ಬಡಗಿಗೆ ಮುಂಚೆಯೇ ಹೇಳಬೇಕು. ಇಷ್ಟೆಲ್ಲ ನೋಡಿದ ಮೇಲೂ ಸಿಂಕ್ ಅಲ್ಲೇ ಬೇಕು ಅನಿಸಿದರೆ ಖಂಡಿತ ಸರಿಸಿ, ದಿನಾ ನಿಂತು ಕೆಲಸ ಮಾಡೋ ಜಾಗ ಅದು. ಆದರೆ ಬರೀ ನೋಡೋಕೆ ಚೆಂದ ಅಂತಾದರೆ, ಸಿಂಕ್ ಇದ್ದಲ್ಲೇ ಬಿಟ್ಟು ಕಪಾಟುಗಳನ್ನು ಬದಲಿಸಿ ಅಂತಲೇ ನಾನು ಹೇಳೋದು.

ಪ್ಲಂಬರ್ ಹತ್ತಿರ ಮೊತ್ತವನ್ನು ಬಿಡಿಸಿ ಬರೆಸಿಕೊಳ್ಳಿ. ಒಡೆಯೋ ಕೆಲಸ ಯಾರದ್ದು, ಸಾಮಾನು ಯಾರು ತರುತ್ತಾರೆ, ಯಾವ ಕಂಪನಿಯದು, ಕೂಲಿ ಎಷ್ಟು, ಕೊನೆಗೆ ಮುಚ್ಚೋರು ಯಾರು. ಈ ಮುಚ್ಚೋ ಕೆಲಸವೇ ಎಲ್ಲರ ಲೆಕ್ಕದಿಂದ ಜಾರೋದು. ಪ್ಲಂಬರ್ ಪೈಪ್ ಹಾಕಿ ಹೋಗುತ್ತಾರೆ, ಆಮೇಲೆ ಗಾರೆ, ವಾಟರ್‌ಪ್ರೂಫಿಂಗ್, ಟೈಲ್ಸ್, ಒಡೆದ ಮಣ್ಣು-ಕಲ್ಲು ಸಾಗಿಸೋದು, ಸಿಂಕ್ ಅಳತೆಗೆ ಗ್ರಾನೈಟ್ ಕಟ್ ಮಾಡಿಸೋದು ಎಲ್ಲ ನಿಮ್ಮ ತಲೆ ಮೇಲೆ. ಹಳೇ ಟೈಲ್ಸ್‌ಗೆ ಸರಿಹೊಂದೋದು ಸಿಗದಿದ್ದರೆ ನಾಲ್ಕು ಟೈಲ್ ಒಡೆದದ್ದಕ್ಕೆ ಇಡೀ ಗೋಡೆ ಹೊಸದಾಗಿ ಮಾಡಿಸಬೇಕಾಗುತ್ತದೆ. ಅದಕ್ಕೇ ಪೈಪ್ ಖರ್ಚಿಗಿಂತ ಅದನ್ನು ಮುಚ್ಚೋ ಖರ್ಚು ದೊಡ್ಡದಾದರೂ ಆಶ್ಚರ್ಯ ಪಡಬೇಡಿ.

ದುಡ್ಡು ಎಲ್ಲಿ ಹಾಕಬೇಕು ಅನ್ನೋದಕ್ಕೆ ನನ್ನ ಲೆಕ್ಕ ಸರಳ. ಗೋಡೆಯೊಳಗೆ ಹೋಗೋದೆಲ್ಲ ಒಳ್ಳೇದು ಹಾಕಿ, ಹೊರಗೆ ಕಾಣೋದು ಮುಂದೆ ಬದಲಿಸಿಕೊಳ್ಳಬಹುದು. ಬಿಸಿನೀರಿನ ಲೈನ್‌ಗೆ ಸಿಪಿವಿಸಿ (ಬಿಸಿ ತಡೆಯೋ ಪ್ಲಾಸ್ಟಿಕ್ ಪೈಪ್) ಆಗುತ್ತದೆ, 90 ಡಿಗ್ರಿ ಆಸುಪಾಸಿನವರೆಗೂ ತಡೆಯುತ್ತದೆ. ಮಾಮೂಲಿ ಪಿವಿಸಿ 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, ಅದನ್ನು ಬಿಸಿನೀರಿಗೆ ಹಾಕೋಕೆ ಬಿಡಬೇಡಿ. ಹಳೇ ಕಬ್ಬಿಣದ ಪೈಪ್ ಇದ್ದರೆ ಅದರ ಒಂದು ತುಂಡು ಕತ್ತರಿಸಿ ಒಳಗೆ ನೋಡಿ. ಹೊರಗಿಂದ ಗಟ್ಟಿಯಾಗಿ ಕಾಣೋ ಪೈಪಿನೊಳಗೆ ತುಕ್ಕು ಕಟ್ಟಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿರಬಹುದು. ಅದಕ್ಕೆ ಹೊಸ ಪೈಪ್ ಜೋಡಿಸಿದರೆ ಹೊಸ ನಲ್ಲಿಯಲ್ಲೂ ಸಣ್ಣ ನೀರೇ ಬರೋದು. ಆ ಲೈನ್ ಪೂರ್ತಿ ಬದಲಿಸೋ ಖರ್ಚನ್ನು ಈಗಲೇ ಸೇರಿಸಿಕೊಳ್ಳಿ.

ಸಿಂಕ್ ಕೆಳಗಿನ ಆಂಗಲ್ ವಾಲ್ವ್ (ನಲ್ಲಿಗೆ ಹೋಗೋ ನೀರು ನಿಲ್ಲಿಸೋ ಸಣ್ಣ ವಾಲ್ವ್), ಕನೆಕ್ಷನ್ ಪೈಪ್, ಟ್ರ್ಯಾಪ್, ಈ ಮೂರರಲ್ಲಿ ಉಳಿಸೋಕೆ ಹೋಗಬೇಡಿ. ಸಣ್ಣ ಸಾಮಾನು, ಕೈಕೊಟ್ಟರೆ ಕಪಾಟೆಲ್ಲ ಹಾಳು. ನಲ್ಲಿಯಲ್ಲಿ ಉಳಿಸಬಹುದು, ಅದು ಎರಡು ವರ್ಷ ಬಿಟ್ಟು ಬದಲಿಸಬಹುದಾದ ವಸ್ತು. ಎಳೆದರೆ ಉದ್ದ ಬರೋ ಥರದ ನಲ್ಲಿ ಆಸೆಯಿದ್ದರೆ ಬಾಕ್ಸ್ ಮೇಲೆ ಎಷ್ಟು ಒತ್ತಡ ಬೇಕು ಅಂತ ಬರೆದಿರುತ್ತದೆ, ಓದಿ ತಗೊಳ್ಳಿ. ಮೇಲಿನ ಟ್ಯಾಂಕ್‌ನಿಂದ ಬರೋ ನೀರಾದರೆ 10 ಮೀಟರ್ ಎತ್ತರಕ್ಕೆ 1 ಬಾರ್ (ಒತ್ತಡದ ಅಳತೆ), ಟ್ಯಾಂಕ್ 5 ಮೀಟರ್ ಮೇಲಿದ್ದರೆ ಅರ್ಧ ಬಾರ್ ಅಷ್ಟೇ. ಅಷ್ಟು ಸಾಲದಿದ್ದರೆ ಪಂಪ್ ಖರ್ಚೂ ಸೇರಿಕೊಳ್ಳುತ್ತದೆ. ಸಿಂಕ್ ಕೊಳ್ಳುವಾಗ 304 ಸ್ಟೀಲ್ (ಸುಲಭವಾಗಿ ತುಕ್ಕು ಹಿಡಿಯದ ದರ್ಜೆ) ಕೇಳಿ. ತಗಡಿನ ದಪ್ಪ ಹೇಳೋ ಗೇಜ್ ನಂಬರ್ ಜಾಸ್ತಿಯಾದಷ್ಟೂ ತಗಡು ತೆಳು, 16 ಗೇಜ್ ಸುಮಾರು 1.5 ಮಿಲಿಮೀಟರ್, 18 ಗೇಜ್ ಸುಮಾರು 1.2. ಮನೆಗೆ 18 ಸಾಕು. ಸಿಂಕ್ ಮಾತ್ರ ಗ್ರಾನೈಟ್ ಕಟ್ ಮಾಡೋ ಮುಂಚೆಯೇ ಮನೆಯಲ್ಲಿರಬೇಕು.

ಒಂದು ವಿಷಯವನ್ನು ದಯವಿಟ್ಟು ಬಿಡಬೇಡಿ. ಗೋಡೆ ಮುಚ್ಚೋ ಮುಂಚೆ ಪ್ರೆಶರ್ ಟೆಸ್ಟ್ ಆಗಲೇಬೇಕು, ಅದು ಕೊಟೇಶನ್‌ನಲ್ಲಿ ಬರೆದಿರಲೇಬೇಕು. ನಮ್ಮಲ್ಲಿ ಲೈನ್‌ಗೆ ನೀರು ತುಂಬಿಸಿ, ಪೈಪ್ ಬಾಯಿಗಳನ್ನೆಲ್ಲ ಡಮ್ಮಿ (ಮುಚ್ಚಳ) ಹಾಕಿ ಮುಚ್ಚಿ, ಕೈಪಂಪಿನಲ್ಲಿ ಒತ್ತಡ ಏರಿಸಿ ಬಿಟ್ಟರು. ಮೊದಲು ಎಲ್ಲ ಸರಿಯಿದ್ದ ಹಾಗೇ ಕಾಣಿಸಿತು. ಊಟ ಮುಗಿಸಿ ಬಂದು ನೋಡಿದರೆ ಒತ್ತಡ ತೋರಿಸೋ ಮೀಟರಿನ ಮುಳ್ಳು ಸ್ವಲ್ಪ ಇಳಿದಿತ್ತು. ಪ್ಲಂಬರ್ ಒಂದೊಂದು ಜಾಯಿಂಟನ್ನೂ ಒಣ ಬಟ್ಟೆಯಲ್ಲಿ ಒರೆಸಿ ಬೆರಳಿಟ್ಟು ನೋಡುತ್ತಾ ಬಂದರು. ಮೂಲೆಯ ಎಲ್ಬೋ (ಪೈಪ್ ತಿರುಗಿಸೋ ಬಾಗಿದ ಜೋಡಣೆ) ಒಂದರ ಹಿಂದೆ ಸಾಸಿವೆ ಕಾಳಿನಷ್ಟು ನೀರು ಮತ್ತೆ ಮತ್ತೆ ಕೂಡುತ್ತಿತ್ತು. ಆ ತುಂಡು ಕತ್ತರಿಸಿ ಹೊಸದು ಅಂಟಿಸಿದರು, ಒಣಗೋಕೆ ಬಿಟ್ಟು ಮತ್ತೆ ಟೆಸ್ಟ್ ಮಾಡಿದರು, ಮುಳ್ಳು ಅಲ್ಲಾಡಲಿಲ್ಲ. ಟೈಲ್ಸ್ ಹಾಕಿದ ಮೇಲೆ ಇದೇ ಎಲ್ಬೋ ಹುಡುಕಬೇಕಾಗಿದ್ದರೆ ಎಷ್ಟು ಒಡೆಯಬೇಕಿತ್ತು ಯೋಚಿಸಿ. ಹಾಗಾಗಿ ಹಣ ಕಂತಿನಲ್ಲಿ ಕೊಡಿ. ಟೆಸ್ಟ್ ಪಾಸಾದ ಮೇಲೆ ಒಂದು ಕಂತು, ಸಿಂಕ್ ಕೂರಿಸಿ ನೀರು ತುಂಬಿಸಿ ಒಮ್ಮೆಲೇ ಬಿಟ್ಟು ಕೆಳಗೆ ಎಲ್ಲೂ ಸೋರಲ್ಲ ಅಂತ ನೋಡಿದ ಮೇಲೆ ಕೊನೇ ಕಂತು. ಮುಚ್ಚೋ ಮುಂಚೆ ಪೈಪ್ ಪಕ್ಕ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ, ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಕೈಯಲ್ಲಿ ಬೇರೆಯಾಗಿ ಇಟ್ಟುಕೊಳ್ಳೋ ದುಡ್ಡಿನ ಬಗ್ಗೆ: ಹೊಸ ಮನೆಯಾದರೆ ಒಟ್ಟು ಖರ್ಚಿನ ಹತ್ತರಲ್ಲೊಂದು ಪಾಲು, ಹಳೇ ಮನೆಯಾದರೆ ಐದರಲ್ಲೊಂದು. ಗೋಡೆ ಒಡೆದಾಗ ಒಳಗೆ ಏನು ಸಿಗುತ್ತೋ ಅದಕ್ಕೆ ಈ ದುಡ್ಡು. ನಡುವೆ ಚೆಂದದ ನಲ್ಲಿ ಕಂಡಿತು ಅಂತ ಇದಕ್ಕೆ ಕೈ ಹಾಕಬೇಡಿ.

ನಿಮ್ಮ ಹಳೇ ಡ್ರೈನ್ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಹೊಸ ಸಿಂಕ್ ಜಾಗಕ್ಕೆ ಗೋಡೆಗುಂಟ ಎಷ್ಟು ದೂರ, ನಡುವೆ ಬಾಗಿಲು ಇದೆಯಾ, ಇಷ್ಟು ಅಳೆದು ಬರೆಯಿರಿ. ನೆಲ ಅಗೆಯದೆ ಆಗುತ್ತಾ ಇಲ್ವಾ ಅಂತ ಲೆಕ್ಕ ಹಾಕಿ ಹೇಳ್ತೀನಿ.