ಲೋನ್ ಪಾಸಾಯಿತು, ಅದು ದೇವರ ಉತ್ತರವೇ?

"ಲೋನ್ ಪಾಸಾಯಿತು, ಅಂದಮೇಲೆ ದೇವರ ಚಿತ್ತ ಇದೆ." ನಮ್ಮ ಕ್ರೈಸ್ತ ಸಭೆಗಳ ಕುಟುಂಬಗಳಿಂದ ಈ ಮಾತು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಒಬ್ಬರಿಗೆ ಫ್ರಿಜ್, ಇನ್ನೊಬ್ಬರಿಗೆ ಚಿಮಣಿ, ಮತ್ತೊಬ್ಬರಿಗೆ ಓವನ್. ವಸ್ತು ಬೇರೆ, ಮಾತು ಅದೇ. ಅದಕ್ಕೇ ನನ್ನ ಹತ್ತಿರ ಸಲಹೆಗೆ ಬಂದ ಒಂದು ದಂಪತಿಯ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ದಂಪತಿ ಒಪ್ಪಿದ್ದಾರೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಬಾಗಲಕೋಟೆ ನವನಗರದ ಮನೆ. ಗಂಡನಿಗೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಇಬ್ಬರು ಮಕ್ಕಳು, ಜೊತೆಗೆ ಗಂಡನ ತಾಯಿ. ಹೆಂಡತಿಯ ತವರು ಗುಳೇದಗುಡ್ಡದ ಕಡೆ. ಸ್ವಿಟ್ಜರ್ಲೆಂಡ್‌ನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ 1851ರಲ್ಲೇ ನೆಲೆಯೂರಿದ ಊರು ಅದು. ಹಳೇ ಕ್ರೈಸ್ತ ಮನೆತನ, ಬೈಬಲ್ ಬಾಯಿಪಾಠ. ಗಂಡನೂ ಕಡಿಮೆಯಿಲ್ಲ. ಇಬ್ಬರಿಗೂ ವಚನ ಗೊತ್ತಿದ್ದದ್ದರಿಂದಲೇ ಜಗಳ ಬೇಗ ಮುಗಿಯುತ್ತಿರಲಿಲ್ಲ.

ಆಕೆ ಡಬಲ್ ಡೋರ್ ಫ್ರಿಜ್ ನೋಡಿ ಬಂದಿದ್ದರು. ಅಂಗಡಿಯವರು ಆಧಾರ್, ಪ್ಯಾನ್ ತೆಗೆದುಕೊಂಡು ನೋಡನೋಡುತ್ತಲೇ ಸಾಲ ಮಂಜೂರು ಮಾಡಿಸಿದ್ದರು. ಫ್ರಿಜ್ ಇನ್ನೂ ಮನೆಗೆ ಬಂದಿರಲಿಲ್ಲ. ಗಂಡ ಬೇಡವೇ ಬೇಡ ಎಂದು ಕೂತಿದ್ದರು. ಮೊದಲ ಭೇಟಿಯಲ್ಲಿ ಇಬ್ಬರೂ ನನ್ನ ಹತ್ತಿರ ತೀರ್ಪು ಕೇಳಿದರು, ಅಷ್ಟೇ. ಕೊಡಲಿಲ್ಲ.

ಎರಡನೇ ಭೇಟಿಯೇ ಮುಖ್ಯವಾದದ್ದು.

ಆಕೆ ಮೊಬೈಲ್ ತೆಗೆದು ಮೆಸೇಜ್ ತೋರಿಸಿದರು. "ನಾ ಪ್ರಾರ್ಥನಾ ಮಾಡಿ ಹೋಗಿದ್ನಿರೀ. ಹತ್ತ ನಿಮಿಷದಾಗ ಪಾಸ್ ಆತು. ದೇವರು ಬಾಗಿಲಾ ತಗದಾನ ಅಂತ ತಿಳಕೊಂಡ್ನಿ."

ನಾನು ಕೇಳಿದೆ: "ಪ್ರಾರ್ಥನೆ ಮಾಡದೆ ಹೋದವರಿಗೂ ಅದೇ ಅಂಗಡಿಯಲ್ಲಿ ಹತ್ತು ನಿಮಿಷಕ್ಕೇ ಪಾಸ್ ಆಗುತ್ತದಲ್ವಾ?"

ಆಕೆ ಏನೂ ಹೇಳಲಿಲ್ಲ. ಆ ಮೆಸೇಜ್ ಹೇಳುವುದು ಒಂದೇ: ನಿಮಗೆ ಸಾಲ ಕೊಟ್ಟರೆ ವಾಪಸ್ ಬರುತ್ತದೆ ಅಂತ ಸಾಲ ಕೊಡುವವರಿಗೆ ಅನಿಸಿದೆ. ಅದು ಅವರ ಲೆಕ್ಕ. ನಿಮ್ಮ ಮನೆಯ ಲೆಕ್ಕ ಇನ್ನೂ ಆಗಿಲ್ಲ. ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಎಣಿಸುತ್ತಾನೆ ಅಂತ ಕರ್ತನಾದ ಯೇಸು ಹೇಳಿದ್ದು ಬೈಬಲಿನ ಲೂಕ 14:28ರಲ್ಲಿದೆ. ಅದು ಶಿಷ್ಯನಾಗುವುದರ ಬೆಲೆಯ ಬಗ್ಗೆ ಹೇಳಿದ್ದು, ಗೊತ್ತು. ಆದರೂ ಬುದ್ಧಿವಂತ ಮೊದಲು ಕೂತು ಎಣಿಸುತ್ತಾನೆ ಅನ್ನುವುದು ಕೇಳುವವರೆಲ್ಲರಿಗೂ ಗೊತ್ತಿದ್ದದ್ದಕ್ಕೇ ಆತನು ಆ ಉದಾಹರಣೆ ಕೊಟ್ಟನು. ಎಣಿಸುವುದು ಅವಿಶ್ವಾಸ ಅಲ್ಲ.

ಗಂಡನ ಮುಖ ಅರಳಿತು. ಗೆದ್ದೆ ಅಂದುಕೊಂಡರೇನೋ. "ಅದನ್ನೇ ನಾ ಹೇಳಾಕತ್ತೀನಿ. ಸಂತುಷ್ಟಿ ಸಹಿತವಾದ ಭಕ್ತಿನೇ ದೊಡ್ಡ ಲಾಭ. ಒಂದನೇ ತಿಮೊಥೆಯ, ಆರರ ಆರು. ನಮ್ಮವ್ವ ಫ್ರಿಜ್ ಇಲ್ದ ನಮ್ಮನ್ನ ಬೆಳಸಿಲ್ಲೇನು?"

ಹೆಂಡತಿ ಆತನ ಕಡೆ ನೋಡಲೇ ಇಲ್ಲ. ನನಗೇ ಹೇಳಿದರು: "ಸಂತುಷ್ಟಿ ಇವರದ್ರೀ. ಗಡಿಗಿ ತೋಯಿಸೋದು ನಂದು."

ಯಾವ ಗಡಿಗೆ ಅಂತ ಕೇಳಿದೆ. ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ಸಣ್ಣ ಮಣ್ಣಿನ ಗಡಿಗೆಯಲ್ಲಿಟ್ಟು, ಸುತ್ತ ಹಳೇ ಇಳಕಲ್ ಸೀರೆಯ ತುಂಡು ಸುತ್ತಿ, ಅಡುಗೆಮನೆ ಕಿಟಕಿಯ ಕೆಳಗೆ ಇಡುತ್ತಾರೆ. ಬೇಸಿಗೆಯಲ್ಲಿ ಬಟ್ಟೆ ಗಂಟೆಗೊಮ್ಮೆ ಒಣಗುತ್ತದೆ. ಹೊಲಿಗೆ ಬಿಟ್ಟು ಎದ್ದು ನೀರು ಚಿಮುಕಿಸಿ ಬರಬೇಕು. ಮಧ್ಯಾಹ್ನ ಕಣ್ಣು ಹತ್ತಿದರೂ ಅದೇ ಚಿಂತೆ. ಗಂಡನಿಗೆ ಗಡಿಗೆ ಇರುವುದು ಗೊತ್ತಿತ್ತು. ಅದನ್ನು ಯಾರು, ಎಷ್ಟು ಸಲ ತೋಯಿಸುತ್ತಾರೆ ಅನ್ನುವುದು ಗೊತ್ತಿರಲಿಲ್ಲ.

ತೆರೆಯದ ಇನ್ಸುಲಿನ್ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಾಗಲಕೋಟೆಯ ಏಪ್ರಿಲ್‌, ಮೇನಲ್ಲಿ ಹೊರಗೆ 40ರ ಆಸುಪಾಸು. ಒದ್ದೆ ಗಡಿಗೆ ಬಿಸಿ ತಗ್ಗಿಸುತ್ತದೆ ನಿಜ, ಆದರೆ 8 ಡಿಗ್ರಿಗೆ ಇಳಿಸುವುದಿಲ್ಲ. ಔಷಧದ ಬಲವೇ ಕುಂದಬಹುದು.

ನಾನು ಗಂಡನ ಕೈಗೆ ಬೈಬಲ್ ಕೊಟ್ಟೆ. "ಆರನೇ ಅಧ್ಯಾಯ ಹೇಳಿದಿರಿ. ಅದೇ ತಿಮೊಥೆಯ ಪತ್ರಿಕೆಯಲ್ಲಿ ಒಂದು ಅಧ್ಯಾಯ ಹಿಂದೆ ಹೋಗಿ. ಐದರ ಎಂಟು ಓದಿ." ಆತ ಜೋರಾಗಿ ಓದಲು ಶುರು ಮಾಡಿದರು. ಸ್ವಂತ ಜನರನ್ನು, ಅದರಲ್ಲೂ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ತಳ್ಳಿಬಿಟ್ಟವನು ಅನ್ನುವ ವಚನ ಅದು. ಅದರ ಹಿಂದೆ ಮುಂದೆ ಇರುವುದೆಲ್ಲ ವಿಧವೆಯರ ಮಾತು. ಆತನ ತಾಯಿಯೂ ವಿಧವೆ. ಕೊನೆಗೆ ಬರುವಷ್ಟರಲ್ಲಿ ದನಿ ಇಳಿದಿತ್ತು.

ಇದನ್ನು ಕೇಳಿದ ಸಭೆಯ ಹಿರಿಯರೊಬ್ಬರು ನೀವು ವಚನದಿಂದ ಆತನನ್ನು ಹೊಡೆದಿರಿ ಅಂದರು. ಹಾಗಲ್ಲ. ಸಂತುಷ್ಟಿಯ ವಚನವನ್ನು ಮನುಷ್ಯ ತನಗೆ ತಾನೇ ಹೇಳಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆಯುವಾಗ (4:11) ಸಂತುಷ್ಟನಾಗಿರುವುದನ್ನು ನಾನು ಕಲಿತಿದ್ದೇನೆ ಅಂತ ತನ್ನ ಬಗ್ಗೆಯೇ ಹೇಳಿದ. ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಬೆನ್ನು ನೋಯುವ ಕೆಲಸ ಹೆಂಡತಿಯದಾಗಿ, ಸಂತುಷ್ಟಿಯ ಬೋಧನೆ ಗಂಡನದಾದರೆ ಅದು ಭಕ್ತಿ ಅಲ್ಲ, ಉಳಿತಾಯ. ನಮ್ಮ ಮನೆಗಳಲ್ಲಿ ಬೈಕಿಗೆ ಸಾಲ ಮಾಡುವಾಗ ಯಾರಿಗೂ ಈ ವಚನ ನೆನಪಾಗುವುದಿಲ್ಲ. ಮಿಕ್ಸರ್, ಫ್ರಿಜ್ ಅಂದ ಕೂಡಲೇ ನೆನಪಾಗುತ್ತದೆ. ಇದು ನನ್ನನ್ನು ತುಂಬಾ ನೋಯಿಸುವ ವಿಷಯ.

ಹಾಗಂತ ಡಬಲ್ ಡೋರ್ ತನ್ನಿ ಅನ್ನಲಿಲ್ಲ. ಫ್ರಿಜ್ ಬೇಕು ಅನ್ನುವುದು ಇತ್ಯರ್ಥವಾಯಿತು, ಯಾವುದು ಅನ್ನುವುದು ಉಳಿದಿತ್ತು. ಡಬಲ್ ಡೋರೇ ಯಾಕೆ ಅಂತ ಆಕೆಯನ್ನು ಕೇಳಿದೆ. ಮನೆಮನೆಯಲ್ಲಿ ನಡೆಯುವ ಪ್ರಾರ್ಥನಾ ಕೂಟ ಇವರ ಮನೆಗೆ ಬಂದಾಗ ತಣ್ಣೀರು ಕೊಡಲು ಆಗಿರಲಿಲ್ಲವಂತೆ. ಯಾರೋ ಒಬ್ಬರು ಇನ್ನೂ ಫ್ರಿಜ್ ತಗೊಂಡಿಲ್ವಾ ಅಂದಿದ್ದರು. ಆ ಮಾತು ಚುಚ್ಚಿದೆ. ಚುಚ್ಚುವುದು ಸಹಜ. ಆದರೆ ಚುಚ್ಚಿದವರ ಬಾಯಿ ಮುಚ್ಚಿಸಲು 28 ಸಾವಿರ ಸಾಲ ಮಾಡಿದರೆ, ಮುಂದೆ ಅವರು ಸೋಫಾ ಬಗ್ಗೆ ಕೇಳುತ್ತಾರೆ.

ಫ್ರಿಜ್ ಇದ್ದಿದ್ದರೆ ಒಂದು ವಾರ ಅದರಲ್ಲಿ ಏನೇನು ಇಡುತ್ತಿದ್ದಿರಿ ಅಂತ ಬರೆಯಲು ಹೇಳಿದೆ. ಹಾಲು, ಮೊಸರು, ಕಾಯಿಪಲ್ಲೆ, ಭಾನುವಾರದ ಸಾರು, ಇನ್ಸುಲಿನ್. ಅವರು ತಂದ ಚೀಟಿ ಅಷ್ಟೇ ಉದ್ದ ಇತ್ತು. ಅದಕ್ಕೆ 190 ಲೀಟರ್ ಆಸುಪಾಸಿನ ಸಿಂಗಲ್ ಡೋರ್ ಸಾಕು ಅಂತ ಆಕೆಯೇ ಹೇಳಿದರು, ಬೇಸರದಿಂದಲೇ.

ನಂತರ ಹಣ. "ನೋ ಕಾಸ್ಟ್ ಇಎಂಐ, ಬಡ್ಡಿನೇ ಇಲ್ಲರೀ" ಅಂದರು. ಬಡ್ಡಿ ಇಲ್ಲದೆ ಯಾರೂ ಹಣ ಕೊಡುವುದಿಲ್ಲ. ನಗದು ಕೊಟ್ಟರೆ ಸಿಗುವ ರಿಯಾಯಿತಿ ಕಂತಿನಲ್ಲಿ ಸಿಗುವುದಿಲ್ಲ, ಬಡ್ಡಿ ಅಲ್ಲೇ ಕೂತಿರುತ್ತದೆ. ಮೇಲೆ ಪ್ರೊಸೆಸಿಂಗ್ ಫೀ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಂದು ಕಂತು ಬೌನ್ಸ್ ಆದರೆ ದಂಡ ಬೇರೆ. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಸಾಲಗಾರ ಸಾಲ ಕೊಟ್ಟವನಿಗೆ ಸೇವಕ ಅನ್ನುತ್ತದೆ ಜ್ಞಾನೋಕ್ತಿ 22:7. ಸಾಲ ಮಾಡುವುದೇ ಪಾಪ ಅಂತ ನಾನು ಬೋಧಿಸುವುದಿಲ್ಲ. ಆದರೆ ಶ್ರಾವಣ ಮುಗಿದ ಮೇಲೆ ಹೊಲಿಗೆ ಕೆಲಸ ಇಲ್ಲದ ದಿನಗಳಲ್ಲಿ ಕಂತು ಯಾರು ಕಟ್ಟುತ್ತಾರೆ ಅಂತ ಕೇಳಿದಾಗ ಇಬ್ಬರ ಬಳಿಯೂ ಉತ್ತರ ಇರಲಿಲ್ಲ.

ಹಾಗಾಗಿ ನನ್ನ ಸಲಹೆ ಹೀಗಿತ್ತು. ಮಂಜೂರಾದ ಸಾಲವನ್ನು ಬರವಣಿಗೆಯಲ್ಲಿ ರದ್ದು ಮಾಡಿಸಿ. ಕಂತಿಗೆ ಕೊಡಬೇಕೆಂದಿದ್ದ ಮೊತ್ತವನ್ನು ಪ್ರತಿ ತಿಂಗಳು ಇಬ್ಬರೂ ಸೇರಿ ಬೇರೆ ತೆಗೆದಿಡಿ, ಕಾಣಿಕೆಗೆ ಇಟ್ಟದ್ದನ್ನು ಮುಟ್ಟಬೇಡಿ. ಅಲ್ಲಿಯವರೆಗೆ ಇನ್ಸುಲಿನ್ ಒಂದೇ ಬಾಟಲಿ ತನ್ನಿ, ಎರಡು ತಿಂಗಳದ್ದು ಒಟ್ಟಿಗೆ ತರಬೇಡಿ. ತೆರೆಯದ ಬಾಟಲಿಯನ್ನು ಪಕ್ಕದ ಮನೆಯ ಫ್ರಿಜ್‌ನಲ್ಲಿ ಇಡಿ, ನಾಚಿಕೆ ಬೇಡ. ಗಡಿಗೆಯಲ್ಲಿ ಇದ್ದದ್ದನ್ನು ಬಳಸಬಹುದೋ ಇಲ್ಲವೋ ಅಂತ ಡಾಕ್ಟರನ್ನೇ ಕೇಳಿ.

ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಸ್ಟಾರ್ ಲೇಬಲ್ ಓದಿ ಅಂದೆ. ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅದರಲ್ಲೇ ಇರುತ್ತದೆ, 180 ಇದ್ದರೆ ತಿಂಗಳಿಗೆ 15. ಗೃಹಜ್ಯೋತಿ ಇದೆ, ಕರೆಂಟ್ ಫ್ರೀ ಅಂದರು ಗಂಡ. ಫ್ರೀ ಇರುವುದು ಮನೆಯ ಹಳೇ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟಕ್ಕೆ ಮಾತ್ರ. ಅದರ ಮೇಲಿನದಕ್ಕೆ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಇನ್ನು ಹತ್ತು ವರ್ಷದ ವಾರಂಟಿ ಅಂತ ಬರೆದಿದ್ದರೆ ಅದು ಹೆಚ್ಚಾಗಿ ಕಂಪ್ರೆಸರ್‌ಗೆ ಮಾತ್ರ. ರಿಪೇರಿಗೆ ಜನ ಊರಲ್ಲೇ ಇದ್ದಾರಾ, ಹುಬ್ಬಳ್ಳಿಯಿಂದ ಬರಬೇಕಾ ಅಂತ ಕೇಳಿಯೇ ದುಡ್ಡು ಕೊಡಿ.

ಹಬ್ಬದ ಬೋನಸ್ ಸೇರಿಸಿ, ಬೇಸಿಗೆಗೆ ಮೊದಲೇ ನಗದು ಕೊಟ್ಟು ಸಿಂಗಲ್ ಡೋರ್ ತಂದರು. ಇನ್ಸುಲಿನ್ ನಡುವಿನ ಹಲಗೆಯಲ್ಲಿದೆ. ಮೇಲಿನ ಫ್ರೀಜರ್‌ಗೆ ತಾಗಿಸಿ ಇಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ ಅಂತ ಗಂಡನೇ ಚೀಟಿ ಅಂಟಿಸಿದ್ದಾರೆ. ಐಸ್ ಕಟ್ಟಿದಾಗ ಡಿಫ್ರಾಸ್ಟ್ ಬಟನ್ ಒತ್ತುವುದು, ಹಿಂದಿನ ಟ್ರೇಯ ನೀರು ಚೆಲ್ಲುವುದು ಆತನ ಪಾಲಿನ ಕೆಲಸ. ಅದನ್ನು ನಾನೇ ಷರತ್ತಾಗಿ ಹಾಕಿದ್ದೆ.

ಆ ಲೋನ್ ದೇವರಿಂದಲೇ ಬಂದದ್ದು, ನಾವು ಬೇಡ ಅಂದೆವು ಅನ್ನುವ ಅನಿಸಿಕೆ ಆಕೆಗೆ ಇನ್ನೂ ಪೂರ್ತಿ ಹೋಗಿಲ್ಲ. ಹೋದ ಭೇಟಿಯಲ್ಲೂ ಅದೇ ಮಾತು ಬಂತು. ದೇವರು ಆಕೆಯ ಪ್ರಾರ್ಥನೆ ಕೇಳಿದ್ದಾನೆ ಅಂತಲೇ ನಾನೂ ನಂಬುತ್ತೇನೆ, ಆದರೆ ಉತ್ತರ ಆ ಮೆಸೇಜ್ ಅಲ್ಲ ಅಂದೆ. ನಾವಿಬ್ಬರೂ ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ.